ಕೋರ್ಟ್ ಸ್ಟೆನೋ ಆಗಲು ಕನ್ನಡ ಸೀನಿಯರ್ ಮೊದಲಾ, ಇಂಗ್ಲಿಷಾ?

ಕೋರ್ಟ್ ಸ್ಟೆನೋ ಕೆಲಸ ನೋಡುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಇದನ್ನೇ. ಶೀಘ್ರಲಿಪಿಯಲ್ಲಿ, ಅಂದರೆ ಶಾರ್ಟ್‌ಹ್ಯಾಂಡಿನಲ್ಲಿ, ಇಂಗ್ಲಿಷ್ ಸೀನಿಯರ್ ಪರೀಕ್ಷೆ ಮೊದಲು ಕಟ್ಟಬೇಕಾ, ಕನ್ನಡದ್ದಾ? ಎರಡನ್ನೂ ನಾನು ಮಂಗಳೂರಿನ ಹಂಪನಕಟ್ಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಪಾಸಾದೆ. ಎರಡೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಪರೀಕ್ಷೆಗಳು. ಜಿಲ್ಲಾ ನ್ಯಾಯಾಲಯದ ಶೀಘ್ರಲಿಪಿಗಾರರ ಹುದ್ದೆಗೆ ಕೊನೆಗೆ ಎರಡೂ ಬೇಕು, ಎರಡೂ ಭಾಷೆಯ ಸೀನಿಯರ್ ಬೆರಳಚ್ಚೂ ಬೇಕು. ಆದರೂ ನನ್ನ ಉತ್ತರ ಒಂದೇ: ಕನ್ನಡ ಮೊದಲು.

ಇಂಗ್ಲಿಷ್ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ನನಗೆ ಹಾಗೆ ಅನ್ನಿಸಲಿಲ್ಲ. 1837ರಲ್ಲಿ ಇಂಗ್ಲೆಂಡಿನ ಐಸಾಕ್ ಪಿಟ್ಮನ್ ರೂಪಿಸಿದ ಶೀಘ್ರಲಿಪಿ ಪದ್ಧತಿ ಆ ಭಾಷೆಗೆಂದೇ ಹುಟ್ಟಿದ್ದು. ಅಭ್ಯಾಸದ ಪುಸ್ತಕ, ಡಿಕ್ಟೇಷನ್ ಆಡಿಯೋ ಬೇಕಾದಷ್ಟು ಸಿಗುತ್ತವೆ. ತೊಂದರೆ ಕೊಟ್ಟಿದ್ದು ನಮ್ಮ ಮಳೆಗಾಲ. ಪಿಟ್ಮನ್‌ನಲ್ಲಿ ಪ ತೆಳು ಗೆರೆ, ಬ ಅದೇ ಗೆರೆ ದಪ್ಪ. ಜುಲೈನಲ್ಲಿ ಕಾಗದ ತಂಪು ಹಿಡಿದಾಗ ಎಲ್ಲ ಗೆರೆಯೂ ಒಂದೇ ಥರ ಕಾಣುತ್ತಿತ್ತು.

ಕನ್ನಡದ ಕಥೆ ಬೇರೆ. ಇಂಗ್ಲಿಷಿನಲ್ಲಿ ಐದಾರು ಪದ ಆಗುವುದು ನಮ್ಮಲ್ಲಿ 'ನೋಡಿರುವುದಿಲ್ಲವೆಂದು' ಅಂತ ಒಂದೇ ಪದ. ಹಾಗಾಗಿ ನಿಮಿಷಕ್ಕೆ ಇಷ್ಟು ಪದ ಅನ್ನುವ ಲೆಕ್ಕ ಎರಡು ಭಾಷೆಯಲ್ಲೂ ಒಂದೇ ಭಾರ ಅಲ್ಲ. ಅದಕ್ಕಿಂತ ದೊಡ್ಡ ಅಪಾಯ ಸ್ವರದ್ದು. ವೇಗ ಬಂದಂತೆ ಸ್ವರ ಚಿಹ್ನೆ ಬಿಟ್ಟು ಬರೆಯುತ್ತೇವೆ. ಆಗ 'ನೋಡಿದ', 'ನೋಡದ' ಎರಡೂ ಒಂದೇ ರೂಪ! ಒಮ್ಮೆ ಕ್ಲಾಸಿನ ಟೆಸ್ಟಿನಲ್ಲಿ 'ಘಟನೆಯನ್ನು ನೋಡದ ಸಾಕ್ಷಿ' ಅನ್ನುವುದನ್ನು 'ನೋಡಿದ ಸಾಕ್ಷಿ' ಅಂತ ಟೈಪ್ ಮಾಡಿದ್ದೆ. ಕ್ಲಾಸಿನಲ್ಲಿ ಅದು ಒಂದು ತಪ್ಪು, ಅಷ್ಟೇ. ಕೋರ್ಟಿನಲ್ಲಾದರೆ ಒಬ್ಬರ ಬದುಕೇ ಆ ಸ್ವರದ ಮೇಲೆ ನಿಂತಿರುತ್ತದೆ, ಅಲ್ವಾ? ಅವತ್ತಿನಿಂದ ಇಂಥ ಜೋಡಿ ಪದಗಳಲ್ಲಿ ಸ್ವರ ಬಿಡುವುದೇ ಇಲ್ಲ. ಆ ಅಭ್ಯಾಸಕ್ಕೇ ತಿಂಗಳುಗಟ್ಟಲೆ ಬೇಕು. ಅದಕ್ಕೇ ಕನ್ನಡ ಮೊದಲು ಅನ್ನುವುದು.

ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಸ್ಟೆನೋ ಪರೀಕ್ಷೆಯೂ ಬರೆದು ನೋಡಿದೆ. ಗ್ರೇಡ್ ಡಿಗೆ ಹತ್ತು ನಿಮಿಷ, ನಿಮಿಷಕ್ಕೆ 80 ಪದ. ಇಂಗ್ಲಿಷ್ ಇಲ್ಲವೇ ಹಿಂದಿ, ಕನ್ನಡ ಇಲ್ಲ. ಇಲ್ಲಿನ ಕೋರ್ಟಿಗೆ ತಯಾರಾಗುವವರಿಗೆ ಅದರಿಂದ ಹೆಚ್ಚು ಉಪಯೋಗ ಕಾಣಲಿಲ್ಲ.

ನನ್ನ ಕಣ್ಣು ತೆರೆಸಿದ್ದು ಅಮೆರಿಕದ ಆರ್‌ಪಿಆರ್. ಅಲ್ಲಿನ ನ್ಯಾಷನಲ್ ಕೋರ್ಟ್ ರಿಪೋರ್ಟರ್ಸ್ ಅಸೋಸಿಯೇಷನ್ ಕೊಡುವ ಸರ್ಟಿಫಿಕೇಟು ಅದು. ವೇಗದ ಪರೀಕ್ಷೆ ಮೂರು: ಸಾಹಿತ್ಯದ ಭಾಗ ನಿಮಿಷಕ್ಕೆ 180 ಪದ, ಜ್ಯೂರಿಗೆ (ತೀರ್ಪು ಹೇಳುವ ಜನಸಾಮಾನ್ಯರ ಗುಂಪಿಗೆ) ನ್ಯಾಯಾಧೀಶರು ಕೊಡುವ ಸೂಚನೆ 200, ಸಾಕ್ಷಿಯ ಪ್ರಶ್ನೋತ್ತರ 225. ಪ್ರತಿಯೊಂದರಲ್ಲೂ ಶೇ. 95 ಸರಿ ಇರಬೇಕು. ಹಲವು ಕೀಲಿ ಒಟ್ಟಿಗೆ ಒತ್ತುವ ಸ್ಟೆನೋ ಯಂತ್ರಕ್ಕೆ ಇಟ್ಟ ವೇಗ ಇದು. ನಾನು 180ರ ಅಭ್ಯಾಸದ ಆಡಿಯೋ ಹಾಕಿ ಪೆನ್ಸಿಲ್ ಹಿಡಿದೆ. ಎರಡನೇ ನಿಮಿಷಕ್ಕೇ ಕೈ ನಿಂತಿತು.

ಆದರೆ ಆ ಮೂರನೇ ಭಾಗ ನೋಡಿ. ಇಬ್ಬರ ಮಾತು, ಯಾರು ಕೇಳಿದರು, ಯಾರು ಹೇಳಿದರು, ಎಲ್ಲ ಬರೆಯಬೇಕು. ಪಾಟಿ ಸವಾಲು ಅಂದರೆ ಅದೇ ತಾನೇ! ನಾನು ಬರೆದ ನಮ್ಮ ಪರೀಕ್ಷೆಗಳಲ್ಲಿ ಒಬ್ಬರೇ ಒಂದೇ ವೇಗದಲ್ಲಿ ಓದಿದ್ದು. ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ನ್ಯಾಯಾಧೀಶರೇ ಕೇಳಿ ಬರೆಸುತ್ತಾರೆ, ನಿಜ. ಸಾಕ್ಷಿ ತುಳುವಿನಲ್ಲಿ 'ಎಂಕ್ ಗೊತ್ತುಜ್ಜಿ' (ನನಗೆ ಗೊತ್ತಿಲ್ಲ) ಅಂದರೆ, ಅದು ಕನ್ನಡವಾಗಿ ನಮ್ಮ ಕಿವಿಗೆ ಬೀಳುತ್ತದೆ. ಆದರೂ ಬರೆಸುವಾಗ ತಡೆದು, ತಿದ್ದಿ, ಮತ್ತೆ ಓಡುವ ಮಾತಿಗೆ ಕೈ ಹೊಂದಿಕೊಳ್ಳಬೇಕು.

ಆ ಭಾಗವನ್ನು ನಾನು ಕನ್ನಡಕ್ಕೆ ತಂದುಕೊಂಡೆ. ಶನಿವಾರ ಸಂಜೆ ಗೆಳತಿ ವಕೀಲೆಯಾಗುತ್ತಾಳೆ, ಅವಳ ತಮ್ಮ ಸಾಕ್ಷಿ. ಮೊದಲ ವಾರ ಪ್ರಶ್ನೆಯೂ ಉತ್ತರವೂ ಒಂದಕ್ಕೊಂದು ಸೇರಿಹೋಗಿದ್ದವು. ಈಗ ನಿಮಿಷಕ್ಕೆ 100 ಪದದವರೆಗೆ ಬೇರೆ ಬೇರೆಯಾಗಿ ಬರುತ್ತಿವೆ.