ಮೀನಿನ ಫೀಡ್ ಅಂಗಡಿ: ಸೀಲ್ ಚೀಲ ತಗೊಳ್ಳಿ, ಲೂಸ್ ಬೇಡವೇ ಬೇಡ

ದೊಡ್ಡಬಳ್ಳಾಪುರದ ಹತ್ರ ನಮ್ಮ ತೋಟದ ಕೃಷಿ ಹೊಂಡದಲ್ಲಿ 600 ಮೀನು ಬಿಟ್ಟಿದೀನಿ, ಕಾಟ್ಲಾ ರೋಹು ಮೃಗಾಲ್ ಮೂರೂ. ಮನೆ ಮಲ್ಲೇಶ್ವರದಲ್ಲಿ, ವೀಕೆಂಡ್ ಹೋಗೋವಾಗ ದಾರೀಲಿ ಸಿಗೋ ಒಂದು ಅಂಗಡೀಲೇ ಫೀಡ್ ತಗೊಂಡು ಗಾಡಿಗೆ ಹಾಕ್ಕೋತೀನಿ. ಹೆಸರು ಹಾಕಲ್ಲ, ಯಾಕಂದ್ರೆ ಅರ್ಧ ಹೊಗಳ್ತೀನಿ ಅರ್ಧ ಬೈತೀನಿ.

ಮೊದಲ ಸಲ ಚಿಕ್ಕಪ್ಪ ಜೊತೇಲಿದ್ರು, "ಮೀನಿಗೆ ಯಾಕೋ ಇಷ್ಟ್ ದುಡ್ಡು, ಕಡ್ಲೇಕಾಯ್ ಹಿಂಡಿ ತೌಡು ಸಾಕು" ಅಂತ ಶುರು ಮಾಡಿದ್ರು, ಅವರ ಬಾಯಿ ಮುಚ್ಚಿಸೋಕೆ ಅಂತ ಅಗ್ಗಕ್ಕೆ ಲೂಸ್ ಫೀಡ್ 10 ಕೆಜಿ ತೂಗಿಸ್ಕೊಂಡೆ. ತೋಟಕ್ಕೆ ಹೋಗಿ ಬಿಚ್ಚಿದ್ರೆ ಮುಗ್ಗಲು ವಾಸನೆ, ತಳದಲ್ಲಿ ಬರೀ ಪುಡಿ. ಬೂಷ್ಟು ಹಿಡಿದಿರೋ ಮೇವಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಮೀನಿನ ಲಿವರ್ ಹಾಳಾಗತ್ತೆ, ಹಳೇದಾದಷ್ಟೂ ವಿಟಮಿನ್ ಸಿ ಬೇರೆ ಕಮ್ಮಿ ಆಗ್ತಾ ಹೋಗತ್ತೆ, ಅದನ್ನ ಈ ಮೀನುಗಳು ಮೈಯಲ್ಲೇ ತಯಾರು ಮಾಡ್ಕೊಳಲ್ಲ, ತೀರಾ ಕೊರತೆ ಆದ್ರೆ ಮರಿಗಳ ಬೆನ್ನೇ ಸೊಟ್ಟ ಆಗತ್ತೆ. 10 ಕೆಜಿನೂ ತೆಂಗಿನ ಬುಡಕ್ಕೆ ಹೋಯ್ತು. ಚಿಕ್ಕಪ್ಪ ಇನ್ನೂ ನಗ್ತಾರೆ.

ಆಮೇಲಿಂದ ಸೀಲ್ ಇರೋ ಚೀಲ ಮಾತ್ರ, ತಯಾರಾದ ತಿಂಗಳು ನೋಡಿ, ಮೂರು ತಿಂಗಳೊಳಗೆ ಮುಗಿಯೋಷ್ಟೇ. ಈ ವಿಷಯದಲ್ಲಿ ಅಂಗಡಿಯವರು ಒಳ್ಳೇವ್ರು ಅನ್ಲೇಬೇಕು. ಮೀನು ಎಷ್ಟು ಗ್ರಾಂ ಅಂತ ಕೇಳಿದ್ರು, 200 ಅಂದೆ, 3 ಎಂಎಂ ತೇಲೋ ಪೆಲೆಟ್ (ಗುಳಿಗೆ ಥರದ ಫೀಡ್), 28/4 ಕೊಟ್ರು, ಅಂದ್ರೆ 28 ಪರ್ಸೆಂಟ್ ಪ್ರೋಟೀನ್, 4 ಪರ್ಸೆಂಟ್ ಕೊಬ್ಬು. ನಾನು ಒಂದು ಹಿಡಿ ಬಕೆಟ್ ನೀರಿಗೆ ಹಾಕಿ ನೋಡ್ತೀನಿ ಅಂದ್ರೆ ಬೇಜಾರಿಲ್ದೆ ಅವರೇ ಬಕೆಟ್ ತಂದಿಟ್ರು! ಕಾಫಿ ಕುಡಿದು ಬರೋವರೆಗೂ ಒಂದೂ ಮುಳುಗಿರಲಿಲ್ಲ.

ದಿನಕ್ಕೆ ಎಷ್ಟು ಹಾಕೋದು ಅಂತ ಕೇಳಿದ್ರೆ ಮಾತ್ರ "ತಿನ್ನೋಷ್ಟು ಹಾಕಿ ಸಾರ್" ಅಂತಾರೆ, ಅದು ಉತ್ತರಾನೇ ಅಲ್ಲ. 600 ಮೀನು 200 ಗ್ರಾಂ ಅಂದ್ರೆ 120 ಕೆಜಿ, ಅದರ 3 ಪರ್ಸೆಂಟ್ ಲೆಕ್ಕದಲ್ಲಿ ನಾನು 3.6 ಕೆಜಿ ಹಾಕ್ತೀನಿ, ಎರಡು ಹೊತ್ತಿಗೆ ಹಂಚಿ. ಮೋಡ ಮುಚ್ಚಿರೋ ಬೆಳಗ್ಗೆ ನೀರಲ್ಲಿ ಆಕ್ಸಿಜನ್ ಕಮ್ಮಿ ಇರತ್ತಲ್ಲ, ಅವತ್ತು ಬೆಳಗಿನದು ಕಟ್. ಮಿಕ್ಕಿದ್ದು ತಳದಲ್ಲಿ ಕೊಳೆತು ಅಮೋನಿಯಾ ಆದ್ರೆ ಫೀಡ್ ದುಡ್ಡೂ ಹೋಯ್ತು ಮೀನೂ ಹೋಯ್ತು.

ಇನ್ನೊಂದು, ಮೃಗಾಲ್ ತಳದಲ್ಲಿ ಮೇಯೋ ಮೀನು, ತೇಲೋ ಫೀಡು ಬಹುಪಾಲು ಮೇಲಿನವುಕ್ಕೇ ಸಿಗತ್ತೆ. ಅದಕ್ಕೆ ತೂತು ಮಾಡಿದ ಚೀಲದಲ್ಲಿ ಹಿಂಡಿ ತೌಡು ತುಂಬಿ ಬಿದಿರು ಗಳಕ್ಕೆ ಕಟ್ಟಿ ಇಳಿಬಿಡ್ತೀನಿ, ಆಂಧ್ರದವರ ಹಾಗೆ. ಹಂಗಾಗಿ ಚಿಕ್ಕಪ್ಪ ಪೂರ್ತಿ ತಪ್ಪೂ ಅಲ್ಲ, ಅವರಿಗೆ ಹೇಳಿಲ್ಲ ಅಷ್ಟೇ.

ಸಿಗಡಿ ಸಾಕೋರು ಈ ಅಂಗಡೀಲಿ ಸಲಹೆ ಕೇಳ್ಬೇಡಿ. ಒಬ್ರಿಗೆ ಇದೇ ತೇಲೋ ಫೀಡ್ ಕೊಡೋಕೆ ಹೋದ್ರು, ಸಿಗಡಿ ತಳದಲ್ಲಿ ನಿಧಾನಕ್ಕೆ ಕಚ್ಚಿ ಕಚ್ಚಿ ತಿನ್ನತ್ತೆ, ಮುಳುಗೋದು, ಬೇಗ ಕರಗದೇ ಇರೋದು ಬೇಕು.

5ಕ್ಕೆ ಮೂರೂವರೆ ಕೊಡ್ತೀನಿ. ಲೂಸ್ ಮಾರೋದು ನಿಲ್ಲಿಸಿದ್ರೆ ಇನ್ನರ್ಧ ಸೇರಿಸ್ತೀನಿ.