ಅಂಧೇರಿಯ ನಮ್ಮ ಚರ್ಚಿನ ಸೇವೆ: ಊಟ ಚೆನ್ನಾಗಿದೆ, ವಿಚಾರಿಸಿಕೊಳ್ಳೋದು ಇನ್ನೂ ಚೆನ್ನಾಗಿದೆ

ಮುಂಬೈಯ ಅಂಧೇರಿ ಈಸ್ಟ್‌ನಲ್ಲಿ ನಮ್ಮ ಬಿಲ್ಡಿಂಗ್ ಹತ್ತಿರ ಒಂದು ಚರ್ಚ್ ಇದೆ. ಫುಟ್‌ಪಾತ್‌ನಲ್ಲಿ ಮಲಗುವವರಿಗೆ, ಒಂಟಿಯಾಗಿರುವ ವಯಸ್ಸಾದವರಿಗೆ ಅವರು ಮಾಡುವ ಸೇವೆ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಮನಸ್ಸಿನಲ್ಲಿತ್ತು. ನಾನು ಕ್ರಿಶ್ಚಿಯನ್ ಅಲ್ಲ. ಪಕ್ಕದ ಮನೆಯ ಮಂಗಳೂರಿನ ಆಂಟಿ ಕರೆದರು ಅಂತ ಚಪಾತಿ ಕಟ್ಟೋಕೆ ಹೋದೆ, ಈಗ ಬಿಡುವಿದ್ದಾಗೆಲ್ಲ ಹೋಗುತ್ತೇನೆ. ಮತದ ಮಾತು ಯಾರೂ ಎತ್ತಿದ್ದಿಲ್ಲ.

ಊಟ ಸರಳ. ಚಪಾತಿ, ಪಲ್ಯ, ಅನ್ನ, ದಾಲ್. ಹಲ್ಲಿಲ್ಲದವರಿಗೆ ಬೇರೆ ಡಬ್ಬಿಯಲ್ಲಿ ಮೆತ್ತಗಿನ ಖಿಚಡಿ, ಖಾರ ಇಲ್ಲದೆ. ಆದರೆ ಮುಂಬೈಯಲ್ಲಿ ಊಟ ಹಂಚುವವರಿಗೇನೂ ಕಮ್ಮಿ ಇಲ್ಲ, ಗಾಡಿ ನಿಲ್ಲಿಸಿ ಪೊಟ್ಟಣ ಕೊಟ್ಟು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಇವರು ಪಕ್ಕದಲ್ಲಿ ಕೂರುತ್ತಾರೆ. ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಅಂತ ಕೇಳಿರಬಹುದು, 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಝಾನಾಂ ಅನ್ನೋ 20 ವರ್ಷದ ಹುಡುಗ ಗೆಳೆಯರ ಜೊತೆ ಸೇರಿ ಶುರು ಮಾಡಿದ್ದು. ಕಷ್ಟದಲ್ಲಿರುವವರ ಮನೆಗೆ ನಾವೇ ಹೋಗಿ ವಿಚಾರಿಸಬೇಕು ಅನ್ನೋದು ಆಗಿನಿಂದಲೂ ಅವರ ಪದ್ಧತಿ. ಇಲ್ಲೂ ಅದೇ ಸೊಸೈಟಿಯವರು ಇಬ್ಬಿಬ್ಬರಾಗಿ ಚಾಳಿನ ಖೋಲಿಗಳಿಗೆ ಹೋಗಿ, ಬಿಪಿ ಮಾತ್ರೆ ಮುಗಿಯಿತಾ, ರಾತ್ರಿ ನಿದ್ದೆ ಬಂತಾ ಅಂತ ಕೇಳಿ ಬರುತ್ತಾರೆ.

ಮರೋಳ್ ಕಡೆ ಮೆಟ್ರೋ ಸೇತುವೆ ಕೆಳಗೆ ಯಾದಗಿರಿ ಕಡೆಯ ಅಜ್ಜ ಒಬ್ಬರಿದ್ದರು. ಶುಗರ್ ಇತ್ತು, ಪಾದದಲ್ಲಿ ಹುಣ್ಣು. ರಿಟೈರ್ ಆದ ನರ್ಸ್ ಒಬ್ಬರು ನೆಲದ ಮೇಲೇ ಕೂತು, ಅಜ್ಜನ ಕಾಲನ್ನು ತಮ್ಮ ತೊಡೆ ಮೇಲಿಟ್ಟುಕೊಂಡು ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರು, ಉಗುರೂ ಕತ್ತರಿಸುತ್ತಿದ್ದರು. ಆಸ್ಪತ್ರೆಗೆ ಬನ್ನಿ ಅಂದರೆ ಅಜ್ಜ ಒಲ್ಲೆ ಅನ್ನುತ್ತಿದ್ದರು. ಯಾಕೆ ಅಂತ ನಾನು ಕನ್ನಡದಲ್ಲಿ ಕೇಳಿದಾಗ ಗೊತ್ತಾಯಿತು: "ನಾ ಹೋದ್ರ ನನ್ನ ಚೀಲ ಯಾರ ನೋಡ್ಕೋತಾರ ಯಪ್ಪಾ?" ಚೀಲವನ್ನು ಚರ್ಚ್ ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿ ತೋರಿಸಿದ ಮೇಲೆ ಹೊರಟರು.

ಪಿಂಚಣಿ ಕೆಲಸವನ್ನೂ ಮಾಡಿಸಿಕೊಡುತ್ತಾರೆ. 65 ದಾಟಿದ ಬಡವರಿಗೆ ಮಹಾರಾಷ್ಟ್ರ ಸರ್ಕಾರದ ಶ್ರಾವಣಬಾಳ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ ಸಿಗುತ್ತದೆ. ಆದರೆ 15 ವರ್ಷ ರಾಜ್ಯದಲ್ಲೇ ಇದ್ದೀವಿ ಅಂತ ದಾಖಲೆ ಬೇಕು. ಬೀದಿಯಲ್ಲಿ ಬದುಕಿದವರು ಎಲ್ಲಿಂದ ತರಬೇಕು ಹೇಳಿ? ತಹಸೀಲ್ ಆಫೀಸಿಗೆ ಜೊತೆಗೇ ಹೋಗಿ ಕಾಯುತ್ತಾರಲ್ಲ, ಅದಕ್ಕೆ ನಿಜಕ್ಕೂ ಕೈಮುಗಿಯಬೇಕು.

ಕೊರತೆ ಎರಡು. ಜೋರು ಮಳೆ ಬಂದರೆ ರಾತ್ರಿಯ ಸುತ್ತು ನಿಂತುಬಿಡುತ್ತದೆ, ಊಟ ಜಾಸ್ತಿ ಬೇಕಾಗೋದೇ ಆವಾಗ ಅಲ್ವಾ. ಇನ್ನೊಂದು, ಮರಾಠಿ, ಹಿಂದಿ, ಕೊಂಕಣಿ ಬರುವವರು ಇದ್ದಾರೆ, ಕನ್ನಡ ಬರುವವರು ಸಾಲದು. ಕಲಬುರಗಿ, ವಿಜಯಪುರ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ಮುದುಕರಾದವರು ಸುಮ್ನೆ ತಲೆಯಾಡಿಸಿ ಕೂತುಬಿಡುತ್ತಾರೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹತ್ತಿರದಲ್ಲಿರುವ ಕನ್ನಡದವರು ವಾರಕ್ಕೊಂದು ಸಂಜೆ ಬನ್ನಿ. ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ ಹಾಕಿ ಕೊಡಿ. ಸೀರೆಗಿಂತ ಬೆಡ್‌ಶೀಟು, ಗಂಡಸರ ಚಪ್ಪಲಿ ಜಾಸ್ತಿ ಬೇಕಾಗಿದೆ.