ಟ್ರೈನ್ 4, ಅನ್‌ರಾವೆಲ್ ಟೂ, ಇಟ್ ಟೇಕ್ಸ್ ಟೂ: ಜೊತೆಯಾಗಿ ಆಡೋಕೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಈ ಮೂರು ವಿಡಿಯೋ ಗೇಮ್‌ಗಳಲ್ಲಿ ನನ್ನ ಓಟು ಟ್ರೈನ್ (Trine) 4ಕ್ಕೆ. ಮೂರನ್ನೂ ಕೊಂಡು ಆಡಿದ ಮೇಲಿನ ಮಾತಿದು. ಮೂರೂ ನೋಡೋಕೆ ಚೆಂದ, ಅದರ ಬಗ್ಗೆ ಜಗಳವಿಲ್ಲ.

ತಲೆನೋವು ಶುರುವಾಗಿದ್ದು 2018ರ ಅನ್‌ರಾವೆಲ್ ಟೂನಿಂದ. ನೂಲಿನ ಎರಡು ಪುಟ್ಟ ಗೊಂಬೆಗಳು, ನಡುವೆ ಒಂದೇ ದಾರ. ಒಬ್ಬರು ಮೇಲೆ ಹಿಡಿದು ನಿಂತರೆ ಇನ್ನೊಬ್ಬರು ದಾರದಲ್ಲಿ ಜೋತಾಡಿ ಆಚೆ ಹಾರಬೇಕು. ಕಲ್ಪನೆ ಭಾರಿ ಇಷ್ಟವಾಯ್ತು. ಆದರೆ ಇದರಲ್ಲಿ ಆನ್‌ಲೈನ್ ಕೋ-ಆಪ್, ಅಂದರೆ ಬೇರೆ ಬೇರೆ ಕಡೆ ಕೂತು ಇಂಟರ್ನೆಟ್‌ನಲ್ಲಿ ಜೊತೆಯಾಗಿ ಆಡೋದು, ಇಲ್ಲ; ಒಂದೇ ಪರದೆ ಮುಂದೆ ಕೂತೇ ಆಡಬೇಕು. ನನ್ನ ಜೊತೆ ಆಡುವ ಗೆಳೆಯ ಇರುವುದು ದೂರದಲ್ಲಿ.

ಸರಿ, ಇಂಟರ್ನೆಟ್ ಮೂಲಕ ನನ್ನ ಪರದೆ ಹಂಚಿಕೊಂಡು ಆಡೋಣ ಅಂದುಕೊಂಡೆವು. ಆಟ ನಡೆಯುವುದು ನನ್ನ ಕಂಪ್ಯೂಟರಿನಲ್ಲಿ, ಅವನಿಗೆ ಹೋಗುವುದು ಬರೀ ವಿಡಿಯೋ. ಅವನು ಬಟನ್ ಒತ್ತಿದ್ದು ಮತ್ತೆ ನನ್ನ ಕಡೆ ಬರಬೇಕು, ಅಷ್ಟರಲ್ಲಿ ಚೂರು ತಡವಾಗುತ್ತದೆ. ಒಗಟು ಬಿಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ತೂಗಾಡಿ, ತುದಿಗೆ ಬಂದಾಗಲೇ ಕೈ ಬಿಡಬೇಕಾದ ಕಡೆ? ಅವನು ಸರಿಯಾಗೇ ಬಿಡುತ್ತಿದ್ದ, ಗೊಂಬೆ ಮಾತ್ರ ಆಗಲೇ ಹಿಂದಕ್ಕೆ ತಿರುಗಿರುತ್ತಿತ್ತು. ಮತ್ತೆ ಅದೇ ಹಳ್ಳ. 'ಈಗ ಬಿಡು' ಅಂತ ನಾನು ಕೂಗುವುದು, 'ಬಿಟ್ಟೆ ಕಣೋ' ಅಂತ ಅವನು ರೇಗುವುದು. ಕೊನೆಗೆ ಎರಡೂ ಗೊಂಬೆಗಳನ್ನು ಒಂದಾಗಿಸಿ ನಾನೇ ದಾಟಿಸುತ್ತಿದ್ದೆ, ಅವನು ಸುಮ್ನೆ ನೋಡುತ್ತಿದ್ದ. ಅದಕ್ಕೆ ಇಬ್ಬರ ಆಟ ಯಾಕೆ ಬೇಕು, ಅಲ್ವಾ?

2021ರ ಇಟ್ ಟೇಕ್ಸ್ ಟೂನಲ್ಲಿ ಈ ಗೋಳಿಲ್ಲ. ಆನ್‌ಲೈನ್ ಇದೆ, ಒಬ್ಬರು ಕೊಂಡರೆ ಇಬ್ಬರಿಗೂ ಸಾಕು. ಒಂದು ಕಡೆ ಒಬ್ಬರಿಗೆ ಮೊಳೆ, ಇನ್ನೊಬ್ಬರಿಗೆ ಸುತ್ತಿಗೆ. ಹೀಗೆ ಪ್ರತಿ ಅಧ್ಯಾಯದಲ್ಲೂ ಹೊಸ ಆಯುಧ. ಹೊಸತನದಲ್ಲಿ ಮೂರರಲ್ಲಿ ಇದೇ ಮುಂದು. ಹಕೀಮ್ ಎಂಬ ಮಾತಾಡುವ ಪುಸ್ತಕದ ಉಪದೇಶ ಮಾತ್ರ ಜಾಸ್ತಿಯಾಯ್ತು. ಇನ್ನೊಂದು, ಇಲ್ಲಿ ಇಬ್ಬರೇ ಇರಬೇಕು. ಗೆಳೆಯ ಬಾರದ ದಿನ ಆಟ ಬಂದ್, ತಂಗಿಯೂ ಸೇರುತ್ತೇನೆಂದರೆ ಜಾಗವಿಲ್ಲ.

ಟ್ರೈನ್ 4 ನನಗೆ ಹೊಂದಿದ್ದು ಇಲ್ಲೇ. ಒಬ್ಬರಿಂದ ನಾಲ್ವರವರೆಗೆ ಎಷ್ಟು ಜನ ಬಂದರೂ ಆಡಬಹುದು, ಜನ ಎಷ್ಟಿದ್ದಾರೆಂದು ನೋಡಿ ಒಗಟುಗಳೂ ಬದಲಾಗುತ್ತವೆ. ಮಾಂತ್ರಿಕ ಅಮಡಿಯಸ್ ಪೆಟ್ಟಿಗೆ ಸೃಷ್ಟಿಸುತ್ತಾನೆ, ಕಳ್ಳಿ ಜೋಯಾ ಹಗ್ಗ ಕಟ್ಟುತ್ತಾಳೆ, ಯೋಧ ಪಾಂಟಿಯಸ್ ಗುರಾಣಿ ಹಿಡಿದು ನಿಲ್ಲುತ್ತಾನೆ. ಅನ್‌ಲಿಮಿಟೆಡ್ ಮೋಡಿನಲ್ಲಿ ಯಾರು ಬೇಕಾದರೂ ಯಾವ ಪಾತ್ರವಾದರೂ ಆಗಬಹುದು. ನಾವು ಮೂವರೂ ಅಮಡಿಯಸ್ ಆಗಿ ಪೆಟ್ಟಿಗೆ ಮೇಲೆ ಪೆಟ್ಟಿಗೆ ಪೇರಿಸಿ ದಾಟಿದ್ದೂ ಉಂಟು. ಒಗಟು ಮಾಡಿದವರು ನೋಡಿದರೆ ಬೇಜಾರಾಗುತ್ತಿದ್ದರೇನೋ. ಹಾಂ, 2015ರ ಮೂರನೇ ಭಾಗ ಪೂರ್ತಿ 3ಡಿ ಕಡೆ ಹೋಗಿತ್ತು. 2019ರ ಈ ನಾಲ್ಕನೆಯದು ಮತ್ತೆ ಪಕ್ಕದಿಂದ ನೋಡುವ ಹಳೇ ದಾರಿಗೆ ಬಂದಿದೆ, ಒಳ್ಳೇದೇ ಆಯ್ತು.

ಖರ್ಚು ಮಾತ್ರ ನೋಡಿಕೊಳ್ಳಿ. ಒಂದೇ ಪರದೆಯಲ್ಲಿ ಆಡಿದರೆ ಒಂದು ಕಾಪಿ ಸಾಕು, ಆನ್‌ಲೈನ್ ಆದರೆ ಅವರವರಿಗೆ ಒಂದೊಂದು ಬೇಕು. ಗೆಳೆಯನದ್ದನ್ನು ಡಿಸ್ಕೌಂಟ್ ಬಂದಾಗ ನಾನೇ ಕೊಡಿಸಿದೆ. ಒಬ್ಬರೇ ಖಾಯಂ ಜೊತೆಗಾರರು, ಇರುವುದು ಒಂದೇ ಕಾಪಿಗೆ ದುಡ್ಡು ಅಂದರೆ ಇಟ್ ಟೇಕ್ಸ್ ಟೂ ತಗೊಳ್ಳಿ.